‘ಅಜ್ಜ ಸತ್ತೋದ, ನಾಳೆ ಬರ್ತಾನೆ’: ಸಾವಿನ ಮನೆಯಿಂದ ಅಂಗನವಾಡಿಗೆ ಬರುವ ಮಗು

ಅಂಗನವಾಡಿಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ನಾಲ್ಕು ವರ್ಷದ ಮಗು ಹೇಳುತ್ತದೆ: “ಟೀಚರ್, ನಮ್ಮಜ್ಜ ಸತ್ತೋದ.” ಹೇಳಿದ್ದೇ ಒಳಗೆ ಓಡಿ ಆಟದ ಸಾಮಾನಿನ ಮುಂದೆ ಕೂರುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಪಕ್ಕದ ಮಗುವಿಗೆ, “ನಾಳೆ ಅಜ್ಜನೇ ನನ್ನ ಕರ್ಕೊಂಡು ಬರ್ತಾನೆ” ಅನ್ನುತ್ತದೆ. ಕೇಳಿಸಿಕೊಂಡ ದೊಡ್ಡವರ ಕರುಳು ಚುರುಕ್ಕೆನ್ನುತ್ತದೆ. ‘ಪಾಪ, ಅದಕ್ಕೇನು ಗೊತ್ತಾಗುತ್ತೆ’ ಎಂದು ಸುಮ್ಮನಾಗುತ್ತಾರೆ. ತೊಂದರೆ ಶುರುವಾಗುವುದು ಈ ಸುಮ್ಮನಾಗುವಲ್ಲೇ. ಮಗುವಿಗೆ ಗೊತ್ತಾಗದಿರುವುದು ಸಾವು ಎಂದರೇನು ಎಂಬುದು. ಅಜ್ಜ ಇಲ್ಲ ಎಂಬುದು ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಬೆಳಿಗ್ಗೆ ಕೈ ಹಿಡಿದು ಕರೆತರುತ್ತಿದ್ದವನು ಅಜ್ಜನೇ ಅಲ್ಲವೇ?

ಮಕ್ಕಳು ಸಾವನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಎಂದು ಮೊದಮೊದಲು ವ್ಯವಸ್ಥಿತವಾಗಿ ಕೇಳಿ ನೋಡಿದವರಲ್ಲಿ ಹಂಗೇರಿಯ ಮನಶ್ಶಾಸ್ತ್ರಜ್ಞೆ ಮಾರಿಯಾ ನಾಜ್ ಒಬ್ಬರು. ಬುಡಾಪೆಸ್ಟ್ ಸುತ್ತಮುತ್ತಲಿನ ಮಕ್ಕಳ ಮಾತು, ಚಿತ್ರಗಳನ್ನು ಆಧರಿಸಿ ಅವರು 1948ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಐದು ವರ್ಷದೊಳಗಿನ ಮಕ್ಕಳಿಗೆ ಸಾವು ಎಂದರೆ ಒಂದು ಬಗೆಯ ನಿದ್ದೆ ಅಥವಾ ಪ್ರಯಾಣ. ಹೋದವರು ಬರಬಹುದು, ಮಲಗಿದವರು ಏಳಬಹುದು. 1984ರಲ್ಲಿ ಸ್ಪೀಸ್ ಮತ್ತು ಬ್ರೆಂಟ್ ಎಂಬ ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಸತ್ತವರು ವಾಪಸ್ ಬರುವುದಿಲ್ಲ, ಸತ್ತ ದೇಹ ಉಸಿರಾಡುವುದಿಲ್ಲ, ಉಣ್ಣುವುದಿಲ್ಲ, ನೋಯುವುದಿಲ್ಲ, ಬದುಕಿರುವ ಪ್ರತಿಯೊಬ್ಬರೂ ಒಂದು ದಿನ ಸಾಯುತ್ತಾರೆ ಎಂಬ ಮೂರು ಸಂಗತಿಗಳು ಬಹುಪಾಲು ಮಕ್ಕಳಿಗೆ ಐದರಿಂದ ಏಳು ವರ್ಷದ ನಡುವೆ ಕೂಡಿಬರುತ್ತವೆ ಎಂದರು. ನಮ್ಮ ಅಂಗನವಾಡಿ, ಎಲ್‌ಕೆಜಿ, ಯುಕೆಜಿಯ ಮಕ್ಕಳು ಮೂರರಿಂದ ಆರು ವರ್ಷದವರು. ಅಂದರೆ ಆ ಮೂರೂ ಇನ್ನೂ ಕೂಡಿಬಾರದ ವಯಸ್ಸು.

ಇದರ ಮೇಲೆ ನಮ್ಮ ಕಥೆಗಳೂ ಇವೆ. ಸಾವಿತ್ರಿ ಯಮನ ಬೆನ್ನು ಹತ್ತಿ ಗಂಡನನ್ನು ಕರೆತರುತ್ತಾಳೆ. ಮಾರ್ಕಂಡೇಯ ಲಿಂಗ ತಬ್ಬಿಕೊಂಡು ಉಳಿಯುತ್ತಾನೆ. ಗಣಪತಿಗೆ ತಲೆ ಹೋದರೆ ಇನ್ನೊಂದು ತಲೆ ಸಿಗುತ್ತದೆ. ಪುಣ್ಯಕೋಟಿಯಂತೂ ಕರುವನ್ನು ಬಂಧುಗಳಿಗೆ ಒಪ್ಪಿಸಿ ಸಾಯಲೆಂದೇ ಹೊರಟವಳು, ಕೊನೆಗೆ ಬದುಕಿ ಬರುತ್ತಾಳೆ. ಅಮ್ಮನನ್ನು ಕಳೆದುಕೊಂಡ ಮಗು ಇದನ್ನು ಹೇಗೆ ಕೇಳಿಸಿಕೊಳ್ಳುತ್ತದೆ? ‘ಕೊಟ್ಟ ಮಾತಿಗೆ ತಪ್ಪಬಾರದು’ ಎಂಬ ನೀತಿ ಅದಕ್ಕೆ ತಾಕುವುದಿಲ್ಲ. ಹೋದ ಅಮ್ಮ ಬಂದಳು ಎಂಬುದೊಂದೇ ತಾಕುತ್ತದೆ. ಹಾಗಂತ ಆ ಕಥೆಯನ್ನು ಶಾಶ್ವತವಾಗಿ ಬಿಡಬೇಕಿಲ್ಲ. ಆದರೆ ಮಗು ಮರಳಿ ಬಂದ ಮೊದಲ ವಾರಗಳಲ್ಲಿ ಬೇರೆ ಕಥೆ ಹೇಳಿ. ಮಗುವೇ ಕೇಳಿದರೆ ಹೇಳಿ, “ಇದು ಕಥೆ. ನಿಜವಾಗಲೂ ಸತ್ತವರು ಬರೋಕಾಗಲ್ಲ” ಎಂದು ಒಂದು ಮಾತು ಸೇರಿಸಿ.

ಯಾವ ಮಾತು ಆಡಬೇಕು

‘ಅಜ್ಜಿ ಮಲಗಿದ್ದಾಳೆ’, ‘ಅಪ್ಪ ಊರಿಗೆ ಹೋಗಿದ್ದಾರೆ’, ‘ದೇವರು ಕರ್ಕೊಂಡ’, ‘ನಕ್ಷತ್ರ ಆದಳು’. ಇವೆಲ್ಲ ಪ್ರೀತಿಯಿಂದಲೇ ಹುಟ್ಟಿದ ಮಾತುಗಳು. ದೊಡ್ಡವರಿಗೆ ಇವುಗಳ ಹಿಂದಿನ ಅರ್ಥ ಗೊತ್ತು. ಮಗು ಮಾತನ್ನು ಆಡಿದ ಹಾಗೇ ತೆಗೆದುಕೊಳ್ಳುತ್ತದೆ. ಮಲಗಿದ್ದಾಳೆ ಎಂದರೆ ರಾತ್ರಿ ತಾನು ಮಲಗಲು ಹೆದರುತ್ತದೆ. ಊರಿಗೆ ಹೋಗಿದ್ದಾರೆ ಎಂದರೆ ಬಸ್ಸು ಬಂದಾಗಲೆಲ್ಲ ಓಡಿಹೋಗಿ ನೋಡುತ್ತದೆ, ನನ್ನನ್ನು ಬಿಟ್ಟು ಯಾಕೆ ಹೋದರು ಎಂದು ಒಳಗೊಳಗೇ ಮುನಿಯುತ್ತದೆ. ದೇವರು ಕರ್ಕೊಂಡ ಎಂದರೆ ಅಂಗನವಾಡಿಯ ಪ್ರಾರ್ಥನೆಗೆ ಕೈ ಮುಗಿಯಲು ಒಲ್ಲೆ ಎನ್ನಬಹುದು. ಅಮ್ಮನನ್ನು ಕಸಿದುಕೊಂಡವನಿಗೆ ಯಾಕೆ ಮುಗಿಯಬೇಕು?

ಆದ್ದರಿಂದ ‘ಸತ್ತುಹೋದರು’ ಎಂದೇ ಹೇಳಬೇಕು. ಕೇಳಲು ಒರಟು ಎನಿಸುತ್ತದೆ, ನಿಜ. ‘ತೀರಿಕೊಂಡರು’ ಎನ್ನುವುದು ದೊಡ್ಡವರ ಬಾಯಿಗೆ ಹಿತ, ಆದರೆ ನಾಲ್ಕು ವರ್ಷದ ಮಗುವಿಗೆ ಅದು ಯಾವ ಅರ್ಥವನ್ನೂ ಕೊಡುವುದಿಲ್ಲ. ಅಂಗಳದಲ್ಲಿ ಸತ್ತ ಚಿಟ್ಟೆ, ಸತ್ತ ಕೋಳಿಮರಿ ಅದಕ್ಕೆ ಗೊತ್ತು. ಆ ಮಾತಿನಿಂದಲೇ ಶುರು ಮಾಡಬಹುದು: “ಅಜ್ಜ ಸತ್ತುಹೋದರು ಪುಟ್ಟಾ. ಸತ್ತೋದ್ರೆ ಮೈ ಕೆಲಸ ಮಾಡೋದು ನಿಂತು ಹೋಗುತ್ತೆ. ಉಸಿರಾಡಲ್ಲ, ಊಟ ಮಾಡಲ್ಲ, ನೋವಾಗಲ್ಲ, ಚಳಿ ಆಗಲ್ಲ. ಮತ್ತೆ ಎದ್ದು ಬರೋಕಾಗಲ್ಲ.” ಇಷ್ಟು ಸಾಕು. ಮುಂದಿನದನ್ನು ಮಗುವೇ ಕೇಳುತ್ತದೆ, ಬಹುಶಃ ಮೊಟ್ಟೆ ಸುಲಿಯುತ್ತಾ, ನೀವು ನಿರೀಕ್ಷಿಸದ ಹೊತ್ತಿನಲ್ಲಿ.

ಕಾರಣ ಹೇಳುವಾಗ ಒಂದು ಎಚ್ಚರ ಬೇಕು. ‘ಜ್ವರ ಬಂದು ಸತ್ತರು’ ಎಂದರೆ ಮುಂದಿನ ಸಲ ತನಗೆ ಮೈ ಬಿಸಿಯಾದಾಗ ಮಗು ನಡುಗುತ್ತದೆ. “ಅಜ್ಜನಿಗೆ ತುಂಬಾ ತುಂಬಾ ದೊಡ್ಡ ಕಾಯಿಲೆ ಬಂದಿತ್ತು, ಔಷಧಿಯಿಂದಲೂ ವಾಸಿ ಆಗಲಿಲ್ಲ. ನಿನಗೆ ಬರುವ ನೆಗಡಿ ಜ್ವರ ಅಂಥದ್ದಲ್ಲ” ಎಂದು ಎರಡನ್ನೂ ಬೇರೆ ಮಾಡಿ ಹೇಳಬೇಕು.

ಅಮೆರಿಕದ ಮಕ್ಕಳ ದೂರದರ್ಶನ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ ಇದೇ ಇಕ್ಕಟ್ಟಿಗೆ ಸಿಕ್ಕಿತ್ತು. ಅದರಲ್ಲಿ ಅಂಗಡಿಯ ಯಜಮಾನ ಮಿಸ್ಟರ್ ಹೂಪರ್ ಪಾತ್ರ ಮಾಡುತ್ತಿದ್ದ ವಿಲ್ ಲೀ 1982ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಪಾತ್ರ ಬೇರೆ ಊರಿಗೆ ಹೋಯಿತು ಎಂದು ಮುಗಿಸಬಹುದಿತ್ತು, ಇನ್ನೊಬ್ಬ ನಟನನ್ನು ತರಬಹುದಿತ್ತು. ತಂಡದವರು ಮಕ್ಕಳ ಮನಶ್ಶಾಸ್ತ್ರ ಬಲ್ಲವರನ್ನು ಕೇಳಿ, ಸತ್ತರು ಎಂದೇ ಹೇಳಲು ತೀರ್ಮಾನಿಸಿದರು. ಆ ಕಂತು 1983ರ ನವೆಂಬರ್ 24ರಂದು ಪ್ರಸಾರವಾಯಿತು. ಅದರಲ್ಲಿ ನನಗೆ ಮುಖ್ಯ ಎನಿಸುವುದು ಒಂದು ಚಿಕ್ಕ ವಿವರ: ಮಗುವಿನ ಮನಸ್ಸಿನ ಹಕ್ಕಿ ಬಿಗ್ ಬರ್ಡ್‌ಗೆ ಹೂಪರ್ ಸತ್ತ ಸುದ್ದಿಯನ್ನು ಮೊದಲೇ ಹೇಳಿರುತ್ತಾರೆ. ಆದರೂ ಅದು ತಾನು ಬರೆದ ಚಿತ್ರ ಹಿಡಿದು ಹೂಪರ್ ಎಲ್ಲಿ ಎಂದು ಹುಡುಕುತ್ತದೆ. ದೊಡ್ಡವರು ಗದರದೆ ಮತ್ತೆ ಹೇಳುತ್ತಾರೆ. ನಿಮ್ಮ ಮುಂದಿನ ಮಗುವೂ ಹೀಗೆಯೇ ಕೇಳುತ್ತದೆ. ಪ್ರತಿ ಸಲವೂ ಅದೇ ಉತ್ತರ, ಅದೇ ಪದಗಳಲ್ಲಿ ಸಿಗಬೇಕು. ಉತ್ತರ ಬದಲಾದರೆ ಮಗು ಯಾವುದನ್ನೂ ನಂಬುವುದಿಲ್ಲ. ಇದಕ್ಕೇ ಟೀಚರ್, ಸಹಾಯಕಿ, ಮನೆಯವರು ಮೊದಲೇ ಕೂತು ಏನು ಹೇಳುವುದು ಎಂದು ಮಾತಾಡಿಕೊಂಡಿರಬೇಕು. ಅಂಗನವಾಡಿ ಟೀಚರ್‌ಗೆ ಮನೆ ಭೇಟಿ ಕೆಲಸದ ಭಾಗವೇ ಆಗಿರುವುದರಿಂದ ಇದಕ್ಕೆ ಬೇರೆ ನೆಪ ಬೇಕಿಲ್ಲ.

ಬೆಂಕಿ, ಮಣ್ಣು, ಎಡೆ

ಉತ್ತರಿಸಲು ಕಷ್ಟವಾಗುವ ಪ್ರಶ್ನೆಗಳೂ ನಮ್ಮ ಮಕ್ಕಳಿಂದ ಬರುತ್ತವೆ. “ಬೆಂಕಿ ಇಟ್ರೆ ಅಜ್ಜಂಗೆ ಉರಿಯಲ್ವಾ?” “ಮಣ್ಣು ಮುಚ್ಚಿದ್ರೆ ಉಸಿರು ಹೆಂಗೆ ಬಿಡ್ತಾಳೆ?” ಇದಕ್ಕೇ ಮೊದಲು ‘ಸತ್ತ ಮೈಗೆ ನೋವಾಗಲ್ಲ, ಅದು ಉಸಿರಾಡಲ್ಲ’ ಎಂಬುದು ಮಗುವಿಗೆ ಸಿಕ್ಕಿರಬೇಕು. ಅದು ಗೊತ್ತಿಲ್ಲದ ಮಗು ಸುಡುಗಾಡಿನಲ್ಲಿ ಕಂಡದ್ದು ಕಣ್ಣಲ್ಲೇ ಉಳಿಯುತ್ತದೆ.

ಮಗುವನ್ನು ಸಾವಿನ ಮನೆಯಿಂದ ದೂರ ಕಳಿಸಬೇಕೋ ಬೇಡವೋ? ಸೋದರಮಾವನ ಮನೆಗೆ ಕಳಿಸಿ, ಎಲ್ಲ ಮುಗಿದ ಮೇಲೆ ಕರೆಸಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಮಗು ಬಂದಾಗ ಅಜ್ಜಿಯ ಮಂಚ ಇಲ್ಲ, ಸೀರೆ ಇಲ್ಲ, ಎಲೆ ಅಡಿಕೆ ಚೀಲ ಇಲ್ಲ. ಗೋಡೆಯ ಮೇಲೆ ಹಾರ ಹಾಕಿದ ಫೋಟೊ ಮಾತ್ರ. ನನ್ನ ಮಟ್ಟಿಗೆ ಇದು ಹೆಣ ನೋಡುವುದಕ್ಕಿಂತ ಕಠಿಣ. ಮಗುವಿಗೆ ಏನು ಕಾಣುತ್ತದೆ ಎಂದು ಮೊದಲೇ ಹೇಳಿ (“ಎಲ್ಲರೂ ಅಳ್ತಿರ್ತಾರೆ, ತಮಟೆ ಬಾರಿಸ್ತಾರೆ, ಅಜ್ಜಿ ಕಣ್ಣು ಮುಚ್ಚಿರ್ತಾಳೆ, ಮಾತಾಡಲ್ಲ”), ಅದಕ್ಕೆ ಇಷ್ಟವಿದ್ದರೆ, ಗೋಳಾಡದ ಒಬ್ಬರ ಕೈಯಲ್ಲಿ ಮಗುವನ್ನು ಕೊಟ್ಟು, ಸಾಕು ಎಂದಾಗ ಆಚೆ ಕರೆದುಕೊಂಡು ಹೋಗುವ ಏರ್ಪಾಟಿದ್ದರೆ ಕೊನೆಯ ದರ್ಶನ ಮಗುವಿಗೂ ಆಗಲಿ. ಒಲ್ಲೆ ಎಂದರೆ ಒತ್ತಾಯ ಬೇಡ. ಚಿಕ್ಕ ಹುಡುಗನ ಕೈಯಲ್ಲೇ ಕೊಳ್ಳಿ ಇಡಿಸುವ ಮನೆಗಳಲ್ಲಿ ಈ ಸಿದ್ಧತೆ ಇನ್ನೂ ಮುಖ್ಯ. ಚಿತೆಗೆ ಬೆನ್ನು ತಿರುಗಿಸಿ ನಿಲ್ಲುವುದು ಹಲವು ಕಡೆ ಶಾಸ್ತ್ರದಲ್ಲೇ ಇದೆ. ಅದು ಮಗುವಿಗೂ ಒಳ್ಳೆಯದೇ.

ಅಪ್ಪ ಸತ್ತ ಮನೆಯಲ್ಲಿ ಮಗುವಿಗೆ ಎರಡನೆಯ ಭಯವೊಂದಿದೆ: ಅಮ್ಮನ ಬದಲಾದ ಮುಖ. ಬಳೆ ಒಡೆದು, ಕುಂಕುಮ ಅಳಿಸಿ, ಹೂ ತೆಗೆಸಿ ಕೂರಿಸಿದ ಅಮ್ಮ ಮಗುವಿಗೆ ಗುರುತು ಹತ್ತುವುದಿಲ್ಲ, ಹತ್ತಿರ ಹೋಗಲು ಹೆದರುತ್ತದೆ. ಈ ಪದ್ಧತಿಯೇ ನಿಲ್ಲಬೇಕು ಎಂದು ಹೇಳುವವರ ಜೊತೆ ನಾನಿದ್ದೇನೆ. ನಿಲ್ಲುವವರೆಗೆ ಕನಿಷ್ಠ ಆ ಶಾಸ್ತ್ರ ಮಗುವಿನ ಕಣ್ಣೆದುರು ನಡೆಯದಿರಲಿ.

ಇನ್ನು ಎಡೆ. ‘ಸತ್ತವರು ಊಟ ಮಾಡಲ್ಲ’ ಎಂದು ಟೀಚರ್ ಹೇಳಿದ್ದಾರೆ. ಮನೆಯಲ್ಲಿ ಹಾಲು ತುಪ್ಪದ ದಿನ ಅಜ್ಜನಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಯಲ್ಲಿ ಬಡಿಸಿ, ಕಾಗೆ ಮುಟ್ಟಿತಾ ಎಂದು ಕಾಯುತ್ತಾರೆ. ಮಹಾಲಯ ಅಮಾವಾಸ್ಯೆಗೆ ಮತ್ತೆ ಎಡೆ. “ಅಜ್ಜ ಬಂದು ತಿಂತಾನಾ?” ಎಂದು ಮಗು ಕೇಳಿದರೆ ಮನೆಯ ನಂಬಿಕೆಯನ್ನು ಟೀಚರ್ ತಳ್ಳಿಹಾಕಬಾರದು, ತನ್ನ ಮಾತನ್ನೂ ಬದಲಿಸಬೇಕಿಲ್ಲ. “ಅಜ್ಜನ್ನ ನೆನೆಸ್ಕೊಳ್ಳೋಕೆ, ಅಜ್ಜನ ಮೇಲೆ ಪ್ರೀತಿ ಇದೆ ಅಂತ ತೋರ್ಸೋಕೆ ಮನೇಲಿ ಎಡೆ ಇಡ್ತಾರೆ. ಅಜ್ಜಂಗೆ ಏನಿಷ್ಟ ಇತ್ತು ಹೇಳು?” ಎನ್ನಬಹುದು. ಮಗು ಒಬ್ಬಟ್ಟಿನ ಕಥೆಯೋ ಕೋಳಿಸಾರಿನ ಕಥೆಯೋ ಶುರು ಮಾಡುತ್ತದೆ. ಸ್ವರ್ಗ, ಕೈಲಾಸ, ಜನ್ನತ್, ಪುನರ್ಜನ್ಮದ ಮಾತು ಬಂದಾಗಲೂ ಅಷ್ಟೇ. ಅದು ಮನೆಯವರು ಹೇಳಲಿ. ದೇಹಕ್ಕೆ ಏನಾಯಿತು ಎಂಬುದನ್ನು ಎಲ್ಲರೂ ಒಂದೇ ರೀತಿ ಹೇಳಿರಲಿ.

ಮರಳಿ ಬಂದ ದಿನ

ಹನ್ನೊಂದು, ಹದಿಮೂರು ದಿನದ ಸೂತಕ ಕಳೆದು ಮಗು ಬರುತ್ತದೆ. ಅಪ್ಪನ ಕರ್ಮ ಮಾಡಿದ ಹುಡುಗನಾದರೆ ತಲೆ ಬೋಳಿಸಿರುತ್ತಾರೆ. ಉಳಿದ ಮಕ್ಕಳು ‘ಬೋಡಾ’ ಎಂದು ನಗುವುದು ಖಂಡಿತ, ಅವರಿಗೆ ಇನ್ನೇನು ಗೊತ್ತು? ಆದ್ದರಿಂದ ಹಿಂದಿನ ದಿನವೇ ಮಕ್ಕಳನ್ನು ವೃತ್ತದಲ್ಲಿ ಕೂರಿಸಿ ಹೇಳಿಡಬೇಕು: “ನಾಳೆ ನಮ್ಮ ಗೆಳೆಯ ಬರ್ತಾನೆ. ಅವನ ಅಪ್ಪ ಸತ್ತುಹೋದರು. ಅವನಿಗೆ ಬೇಜಾರಾಗಿರುತ್ತೆ. ತಲೆಕೂದಲು ತೆಗೆಸಿದಾರೆ, ಮತ್ತೆ ಬರುತ್ತೆ. ಅವನ ಜೊತೆ ಮೊದಲಿನ ಹಾಗೇ ಆಟ ಆಡೋಣ.” ಮಕ್ಕಳಲ್ಲಿ ಒಬ್ಬರಾದರೂ “ನಮ್ಮಪ್ಪನೂ ಸಾಯ್ತಾರಾ?” ಎಂದು ಕೇಳಿಯೇ ಕೇಳುತ್ತಾರೆ. ‘ಬಿಡ್ತು ಅನ್ನು’ ಎಂದು ಬಾಯಿ ಮುಚ್ಚಿಸಬೇಡಿ. “ಎಲ್ಲರೂ ಒಂದಿನ ಸಾಯ್ತಾರೆ. ತುಂಬಾ ಜನ ತುಂಬಾ ವಯಸ್ಸಾಗೋ ತನಕ ಇರ್ತಾರೆ. ಇವತ್ತು ಸಂಜೆ ನಿಮ್ಮಪ್ಪ ಮನೇಲಿ ಇರ್ತಾರೆ” ಎನ್ನುವುದು ಸುಳ್ಳಿಲ್ಲದ ಸಮಾಧಾನ.

ಮಗು ಬಂದಾಗ ಎಲ್ಲರೆದುರು ತಬ್ಬಿಕೊಂಡು ‘ಅಯ್ಯೋ ಕಂದಾ’ ಎಂದು ಅಳುವುದು ಬೇಡ. ಕಣ್ಣು ತುಂಬಿ ಬಂದರೆ ತಪ್ಪೇನಿಲ್ಲ, “ನಂಗೂ ಬೇಜಾರಾಯ್ತು” ಎಂದರೆ ಮಗುವಿಗೆ ತನ್ನ ಅಳುವಿಗೂ ಜಾಗ ಇದೆ ಎಂದು ತಿಳಿಯುತ್ತದೆ. ಆದರೆ ಮಗು ಬಂದಿರುವುದು ಅಂಗನವಾಡಿಗೆ. ಮನೆಯಲ್ಲಿ ಎಲ್ಲ ತಲೆಕೆಳಗಾಗಿರುವಾಗ ಇಲ್ಲಿ ಹಾಜರಿ, ಹಾಡು, ಆಟ, ಊಟ, ನಿದ್ದೆ ಅದೇ ಹೊತ್ತಿಗೆ, ಅದೇ ಚಾಪೆಯ ಮೇಲೆ ನಡೆಯುತ್ತವೆ ಎಂಬುದೇ ಅದಕ್ಕೆ ದೊಡ್ಡ ಆಸರೆ. ದಿನಚರಿ ಬದಲಿಸಬೇಡಿ. ಆ ದಿನಚರಿಯೊಳಗೆ ಕೆಲವು ಸಡಿಲಿಕೆ ಕೊಡಿ: ಅಜ್ಜನ ಟವಲ್ಲನ್ನೋ ಅಮ್ಮನ ಸೀರೆ ತುಂಡನ್ನೋ ಚೀಲದಲ್ಲಿ ತಂದರೆ ಇರಲಿ. ಗುಂಪಿನಿಂದ ಎದ್ದು ಮೂಲೆಗೆ ಹೋದರೆ ಹೋಗಲಿ. ಬಹಳ ಸಲ ಮಗು ಹುಡುಕುವುದು ಸಹಾಯಕಿಯ ಮಡಿಲನ್ನು. ಅನ್ನಕ್ಕಿಟ್ಟು ಕೂತ ಆಯಮ್ಮನ ಪಕ್ಕ ಹತ್ತು ನಿಮಿಷ ಕೂತು ಬಂದರೆ ಪಾಠಕ್ಕೇನೂ ನಷ್ಟವಿಲ್ಲ. ಮನೆಗೆ ಕರೆದೊಯ್ಯಲು ಯಾರು ಬರುತ್ತಾರೆ ಎಂದು ಬೆಳಿಗ್ಗೆಯೇ ಹೇಳಿ, ಅವರು ಹೊತ್ತಿಗೆ ಸರಿಯಾಗಿ ಬರುವಂತೆ ನೋಡಿಕೊಳ್ಳಿ. ಕಾಲು ಗಂಟೆ ತಡವಾದರೂ ಈ ಮಗುವಿಗೆ ಅದು ಇನ್ನೊಂದು ಸಾವು.

ಚಿಕ್ಕ ಮಕ್ಕಳ ದುಃಖ ಬಿಸಿಲುಮಳೆ ಇದ್ದ ಹಾಗೆ. ಈಗ ಬಿಕ್ಕಿ ಅತ್ತದ್ದು ಇನ್ನೊಂದು ಗಳಿಗೆಗೆ ಜಾರುಬಂಡೆಯಲ್ಲಿ ಕೇಕೆ ಹಾಕುತ್ತದೆ. ‘ಅಪ್ಪ ಸತ್ತರೂ ಇದಕ್ಕೆ ಪರಿವೆಯೇ ಇಲ್ಲ’ ಎನ್ನುವವರನ್ನು ನಂಬಬೇಡಿ. ಬೇರೆ ರೂಪದಲ್ಲಿ ಅದು ಕಾಣಿಸಿಕೊಳ್ಳುತ್ತದೆ: ಬಿಟ್ಟಿದ್ದ ಚಡ್ಡಿ ಒದ್ದೆ ಮಾಡಿಕೊಳ್ಳುವುದು ಮತ್ತೆ ಶುರುವಾಗುತ್ತದೆ, ಬೆರಳು ಬಾಯಿಗೆ ಹೋಗುತ್ತದೆ, ಹೊಟ್ಟೆನೋವು ಎನ್ನುತ್ತದೆ, ಸುಮ್ಮಸುಮ್ಮನೆ ಪಕ್ಕದವರನ್ನು ಕಚ್ಚುತ್ತದೆ. ಚಡ್ಡಿ ಬದಲಿಸಿ, ಕಚ್ಚಿದ್ದನ್ನು ತಡೆಯಿರಿ, ಬಯ್ಯಬೇಡಿ. ಇವು ಸಾಮಾನ್ಯವಾಗಿ ವಾರಗಳಲ್ಲಿ ತಗ್ಗುತ್ತವೆ.

ಆಟದಲ್ಲೂ ಬರುತ್ತದೆ. ಗೊಂಬೆಯನ್ನು ಸ್ಕೇಲಿನ ಮೇಲೆ ಮಲಗಿಸಿ, ಇಬ್ಬರು ಹೊತ್ತು, ಒಬ್ಬ ತಟ್ಟೆ ಬಡಿದು, ಇನ್ನೊಬ್ಬಳು ಪುರಿ ಎರಚುತ್ತಾ ಮೆರವಣಿಗೆ ಹೊರಟರೆ ‘ಅಪಶಕುನ, ಬಿಡಿ’ ಎಂದು ಕೂಗಬೇಕು ಎನಿಸುತ್ತದೆ. ಕೂಗಬೇಡಿ. ಮಗು ಕಂಡದ್ದನ್ನು ಕೈಯಲ್ಲಿ ಹಿಡಿದು ತಿರುವಿ ನೋಡುವ ಬಗೆ ಅದು. ಪಕ್ಕದಲ್ಲಿ ಕೂತು “ಈಗ ಎಲ್ಲಿಗೆ ಹೋಗ್ತಿದ್ದೀರಾ?” ಎಂದು ಕೇಳಿದರೆ ಮನೆಯಲ್ಲಿ ಯಾರೂ ವಿವರಿಸದ ಗೊಂದಲಗಳು ಹೊರಬರುತ್ತವೆ.

ಆ ಗೊಂದಲಗಳಲ್ಲಿ ಎಲ್ಲಕ್ಕಿಂತ ವಿಷದ್ದು ‘ನನ್ನಿಂದಲೇ ಆಯಿತು’ ಎಂಬುದು. ‘ಹೋಗು, ನೀನು ಬೇಡ’ ಎಂದು ಮುನಿಸಿಕೊಂಡ ಮಾರನೆಯ ದಿನ ಅಮ್ಮ ಸತ್ತರೆ, ತನ್ನ ಮಾತೇ ಅಮ್ಮನನ್ನು ಕೊಂದಿತು ಎಂದು ಈ ವಯಸ್ಸಿನ ಮಗು ನಂಬುತ್ತದೆ. ನಮ್ಮ ಸಮಾಜ ಇದಕ್ಕೆ ನೀರೆರೆಯುತ್ತದೆ. ‘ಹುಟ್ಟುತ್ತಲೇ ಅಪ್ಪನ್ನ ನುಂಗಿಕೊಂಡಿತು’, ‘ಕಾಲ್ಗುಣ ಸರಿಯಿಲ್ಲ’, ‘ಮೂಲಾ ನಕ್ಷತ್ರ’. ಜಗಲಿಯ ಮೇಲೆ ಕೂತವರು ಆಡುವ ಈ ಮಾತು ಮಗುವಿಗೆ ಕೇಳಿಸುತ್ತದೆ. ಹೆಣ್ಣುಮಗುವಾದರೆ ಇನ್ನೂ ಹೆಚ್ಚು. ಅಂಗನವಾಡಿಯ ತಾಯಂದಿರ ಸಭೆಯಲ್ಲಿ, ಯಾರ ಹೆಸರನ್ನೂ ಎತ್ತದೆ, ಈ ಮಾತು ಮಗುವಿಗೆ ಏನು ಮಾಡುತ್ತದೆ ಎಂದು ಹೇಳಲೇಬೇಕು. ಮಗುವಿಗಂತೂ ಕೇಳದಿದ್ದರೂ ಹೇಳಿ: “ನೀನು ಏನು ಅಂದಿದ್ದಕ್ಕೂ, ಏನು ಮಾಡಿದ್ದಕ್ಕೂ ಅಮ್ಮ ಸತ್ತಿದ್ದಲ್ಲ.” ‘ಇನ್ಮೇಲೆ ಮನೆಗೆ ನೀನೇ ಗಂಡಸು’ ಎಂದು ಐದು ವರ್ಷದ ಹುಡುಗನ ತಲೆ ಸವರುವ ನೆಂಟರಿಗೂ ಯಾರಾದರೂ ಬುದ್ಧಿ ಹೇಳಬೇಕು.

ಅಪ್ಪನೋ ಅಮ್ಮನೋ ಆತ್ಮಹತ್ಯೆ ಮಾಡಿಕೊಂಡಿದ್ದರೆ? ಲಾರಿ ಗುದ್ದಿತು ಎಂದು ಸುಳ್ಳು ಕಟ್ಟಿದರೆ ಊರಿನ ಇನ್ನೊಂದು ಮಗು ನಾಳೆಯೇ ಬಯಲು ಮಾಡುತ್ತದೆ. “ಅಪ್ಪನಿಗೆ ಮನಸ್ಸಿನ ಕಾಯಿಲೆ ತುಂಬಾ ಜೋರಾಗಿತ್ತು, ಅದರಿಂದ ಸತ್ತುಹೋದರು. ನಿನ್ನ ತಪ್ಪಲ್ಲ, ಅಮ್ಮನ ತಪ್ಪೂ ಅಲ್ಲ” ಎನ್ನುವಷ್ಟು ಈ ವಯಸ್ಸಿಗೆ ಸಾಕು. ಹೇಗೆ ಎಂಬ ವಿವರ ಬೇಡ.

ವರ್ಷದ ಉದ್ದಕ್ಕೂ ಕಾಲು ಎಡವುವ ದಿನಗಳಿವೆ. ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬವಿಲ್ಲ. ದೀಪಾವಳಿ ಕಳೆದ ಮರುದಿನ ‘ಯಾರ್‍ಯಾರು ಹೊಸ ಬಟ್ಟೆ ಹಾಕ್ಕೊಂಡ್ರಿ’ ಎಂದು ಕೇಳುವ ಮುಂಚೆ ಟೀಚರ್‌ಗೆ ಇದು ನೆನಪಿರಲಿ. ‘ನನ್ನ ಕುಟುಂಬ’ದ ಪಾಠದಲ್ಲಿ ಮಗು ಸತ್ತ ಅಪ್ಪನನ್ನೂ ಚಿತ್ರದಲ್ಲಿ ಬರೆದರೆ ಅದು ಸರಿಯೇ, ಅಳಿಸಬೇಡಿ. ಖಾಸಗಿ ನರ್ಸರಿಗಳಲ್ಲಿ ಜೂನ್‌ನಲ್ಲಿ ಶಾಲೆ ತೆರೆದ ಬೆನ್ನಿಗೇ ಅಪ್ಪಂದಿರ ದಿನ ಬರುತ್ತದೆ, ಕಾರ್ಡು ಮಾಡಿಸುತ್ತಾರೆ. ಅದನ್ನು ಕೈಬಿಟ್ಟರೆ ಯಾರಿಗೂ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ. ಬಿಡಲಾಗದಿದ್ದರೆ ‘ನಿನ್ನನ್ನು ನೋಡಿಕೊಳ್ಳುವವರಿಗೆ’ ಎಂದು ಮಾಡಿಸಿ. ಅಪ್ಪನಿಗೇ ಮಾಡುತ್ತೇನೆ ಎಂದರೆ ಮಾಡಲಿ, ಮನೆಯ ಫೋಟೊದ ಹತ್ತಿರ ಇಡಬಹುದು.

ಯಾವಾಗ ಬೇರೆಯವರ ನೆರವು ಬೇಕು

ತಿಂಗಳುಗಟ್ಟಲೆ ಆಟವೇ ಬೇಡವೆಂದರೆ, ಊಟ ನಿದ್ದೆ ಕೆಟ್ಟು ತೂಕ ಇಳಿದರೆ, ಮಾತೇ ನಿಂತರೆ, ಕ್ಷಣವೂ ಬಿಟ್ಟಿರಲಾರದ ಭಯ ಕಡಿಮೆಯೇ ಆಗದಿದ್ದರೆ ನೆರವು ಬೇಕು. ‘ನಾನೂ ಸತ್ತು ಅಮ್ಮನ ಹತ್ತಿರ ಹೋಗ್ತೀನಿ’ ಎಂಬುದನ್ನು ಬಹಳ ಮಕ್ಕಳು ನೋಡಬೇಕೆಂಬ ಆಸೆಯಿಂದ ಹೇಳುತ್ತಾರೆ. ಆದರೂ ಒಮ್ಮೆ ಕೇಳಿದರೂ ಹಗುರವಾಗಿ ತೆಗೆದುಕೊಳ್ಳಬೇಡಿ. ‘ದೀರ್ಘ ದುಃಖ’ವನ್ನು ಕಾಯಿಲೆ ಎಂದು ಗುರುತಿಸಲು ವೈದ್ಯರು ಮಕ್ಕಳಲ್ಲಿ ಆರು ತಿಂಗಳ ಗಡಿ ಇಟ್ಟುಕೊಂಡಿದ್ದಾರೆ. ಸಲಹೆ ಕೇಳಲು ಅಷ್ಟು ದಿನ ಕಾಯಬೇಕಿಲ್ಲ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಟೀಚರ್ ಕೂಡ ಮಾಡಬಹುದು, ತನ್ನ ಮನಸ್ಸು ಭಾರವಾದಾಗಲೂ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಜಿಲ್ಲಾಸ್ಪತ್ರೆಯಲ್ಲಿ ಸಿಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಇದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ.

ಹಣದ ಮಾತೂ ದುಃಖದ ಮಾತೇ. ದುಡಿಯುವವರು ಸತ್ತ ಮೇಲೆ ಮಗುವಿನ ಕೈಗೆ ಹಾಲು ಬರುವುದು ನಿಂತರೆ ಯಾವ ಸಮಾಧಾನವೂ ನಾಟುವುದಿಲ್ಲ. ಕೇಂದ್ರದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ, ವಿಧವೆ ತಾಯಿಯ ಜೊತೆಗಿರುವ ಅಥವಾ ಅನಾಥವಾಗಿ ನೆಂಟರ ಮನೆಯಲ್ಲಿರುವ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಆದಾಯ ಮಿತಿ ಇದೆ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಮಗುವನ್ನು ನೋಡಿಕೊಳ್ಳುವವರೇ ಇಲ್ಲ, ಅಥವಾ ಹೊಡೆತ ಬಡಿತಕ್ಕೆ ಸಿಕ್ಕಿದೆ ಎಂದು ಕಂಡರೆ 1098ಕ್ಕೆ ಕರೆ ಮಾಡಿ.

ಕೊನೆಯದಾಗಿ ಒಂದನೇ ತರಗತಿ. ಮೂರು ವರ್ಷಕ್ಕೆ ಅಮ್ಮನನ್ನು ಕಳೆದುಕೊಂಡ ಮಗುವಿಗೆ ‘ಎಂದೂ ಬರುವುದಿಲ್ಲ’ ಎಂಬುದು ನಿಜವಾಗಿ ಹೊಳೆಯುವುದು ಆರೇಳು ವರ್ಷಕ್ಕೆ. ಆಗ ಮತ್ತೊಮ್ಮೆ ಅಳು, ಮತ್ತೊಮ್ಮೆ ಪ್ರಶ್ನೆ, ಕೆಲವೊಮ್ಮೆ ಓದಿನಲ್ಲಿ ಹಿನ್ನಡೆ. ಆ ಹೊತ್ತಿಗೆ ಮಗು ಬೇರೆ ಕಟ್ಟಡದಲ್ಲಿ, ಏನೂ ಗೊತ್ತಿಲ್ಲದ ಮೇಷ್ಟ್ರ ಮುಂದೆ ಕೂತಿರುತ್ತದೆ. ಅಂಗನವಾಡಿಯಿಂದ ಕಳಿಸುವಾಗ, ಮನೆಯವರ ಒಪ್ಪಿಗೆ ಪಡೆದು, ಒಂದು ಚೀಟಿ ಬರೆದುಕೊಡಿ: ಯಾರು, ಯಾವ ತಿಂಗಳು ಸತ್ತರು, ಮಗುವಿಗೆ ಏನೆಂದು ಹೇಳಲಾಗಿದೆ, ಅದು ಅವರನ್ನು ಏನೆಂದು ಕರೆಯುತ್ತಿತ್ತು, ಬೇಜಾರಾದಾಗ ಯಾರ ಹತ್ತಿರ ಹೋಗಿ ಕೂರುತ್ತದೆ.